ಥ್ರಾಸಲ್‌ಡೀನಿನ ಸಂರಕ್ಷಿತ ಕೆಮ್ಮು

ಥ್ರಾಸಲ್‌ಡೀನ್ ಗ್ರಾಮದಲ್ಲಿ ಕಳೆದ ನಾಲ್ಕು ವರ್ಷಗಳಿಂದ ಭಾನುವಾರ ಜಾರಿಯಲ್ಲಿರುತ್ತದೆ.

ಹಾಗಂತ ಬೇರೆ ವಾರಗಳನ್ನ ಯಾರೂ ರದ್ದು ಮಾಡಿಲ್ಲ. ಊರ ಗಡಿ ದಾಟಿದರೆ ಸೋಮವಾರದಿಂದ ಶನಿವಾರದ ತನಕ ಎಲ್ಲವೂ ಎಂದಿನಂತೆ ಸಿಗುತ್ತವೆ. ಬೇಕಾದವರು ಹೋಗಿ ಅನುಭವಿಸಿ ಬರಬಹುದು, ಮಂಡಳಿಯ ಅಭ್ಯಂತರವಿಲ್ಲ.

ಮಂಡಳಿ ಅಂದ್ರೆ ಥ್ರಾಸಲ್‌ಡೀನ್ ಕಾಲುವೆ ಮತ್ತು ಗಿರಣಿ ಪರಂಪರಾ ಮಂಡಳಿ. ಲ್ಯಾಂಕಶೈರಿನ ಆ ಕಣಿವೆಯ ಹತ್ತಿ ಗಿರಣಿ, ಅದರ ಚಿಮಣಿ, ಕಾಲುವೆಯ ದಡ, ಎರಡು ಸಾಲು ಕಲ್ಲಿನ ಮನೆ, ಒಂದು ಪ್ರಾರ್ಥನಾ ಮಂದಿರ, ಇಷ್ಟನ್ನೂ ಅದು ಕೊಂಡುಕೊಂಡಿತು. ಮನೆಗಳ ಒಳಗೆ ಬಾಡಿಗೆಗಿದ್ದ ಜನ ಜೊತೆಗೇ ಬಂದರು. ಅವರನ್ನ ತೆಗೆಸೋಕೆ ಖರ್ಚು ಜಾಸ್ತಿ ಅಂತ ಹಾಗೇ ಬಿಟ್ಟರು. ಮಂಡಳಿಯ ಗುರಿ ಒಂದೇ: ದೋಣಿಯಲ್ಲಿ ಹತ್ತಿ ಬರ್ತಿದ್ದ ಕಾಲದಲ್ಲಿ ಊರು ಹೇಗಿತ್ತೋ ಹಾಗೇ ಇರಬೇಕು.

ಹೇಗಿತ್ತು ಅನ್ನೋದಕ್ಕೆ ಸಾಕ್ಷಿ ಬೇಕಲ್ಲ. ಗಿರಣಿ ಮಾಲೀಕನ ನಾದಿನಿ ಬರೆದ ಒಂದು ಜಲವರ್ಣದ ಚಿತ್ರ ಸಿಕ್ಕಿತು. ಅದರಲ್ಲಿ ಬೀದಿ ಚೊಕ್ಕಟ. ಚಿಮಣಿಯಲ್ಲಿ ಹೊಗೆಯಿಲ್ಲ. ಟೋಪಿ ಹಾಕಿದ ನಾಲ್ಕಾರು ಜನ ಊಟ ಜಾಸ್ತಿಯಾದವರ ಹಾಗೆ ನಿಧಾನ ನಡೀತಿದ್ದಾರೆ. ಬೀದಿಗೆ ಅಡ್ಡಲಾಗಿ ಒಂದು ಹಗ್ಗವಿಲ್ಲ, ಹಗ್ಗದ ಮೇಲೆ ಒಂದು ಬಟ್ಟೆಯಿಲ್ಲ. ಆದ್ದರಿಂದ ಥ್ರಾಸಲ್‌ಡೀನಿನ ಗಿರಣಿ ಕೂಲಿಗಳು ಬಟ್ಟೆ ಒಣಗಿಸುತ್ತಿರಲಿಲ್ಲ ಅಂತ ಮಂಡಳಿ ತೀರ್ಮಾನಕ್ಕೆ ಬಂತು.

ಮಂದಿರದಲ್ಲಿ ಸಭೆ ಕರೆದಾಗ ಗ್ಲೆನಿಸ್ ಹಾರ್ಗ್ರೀವ್ಸ್ ಎದ್ದು ನಿಂತಳು. ಹತ್ತನೇ ನಂಬರಿನ ವಿಧವೆ, ನಾಲಿಗೆಗೆ ಬೀಗ ಹಾಕಿ ಅಭ್ಯಾಸವಿಲ್ಲ.

"ಅದು ಭಾನುವಾರ ಬರೆದ ಚಿತ್ರ ಕಣಪ್ಪ. ಭಾನುವಾರ ದೇವರ ದಿನ, ಹಗ್ಗದ ಮೇಲೆ ಕಾಲುಚೀಲ ಹಾಕಿದ್ರೂ ಇಡೀ ಬೀದಿ ನಿನ್ನ ಜೊತೆ ಮಾತು ಬಿಡ್ತಿತ್ತು. ಒಗೆಯೋದು ಸೋಮವಾರ. ಆ ಯಮ್ಮ ಸೋಮವಾರ ಬಂದು ಕೂತಿದ್ರೆ ಅವಳಿಗೆ ಗಿರಣಿ ಎಲ್ಲಿ ಕಾಣ್ತಿತ್ತು? ಬರೀ ಚಡ್ಡಿಗಳನ್ನ ಬರೀಬೇಕಾಗಿತ್ತು."

ಜನ ನಕ್ಕರು. ಸಂರಕ್ಷಣಾಧಿಕಾರಿ ಟ್ರಿಸ್ಟ್ರಮ್ ಫೇರ್‌ವೆದರ್ ನಗಲಿಲ್ಲ. ಅವನಿಗಿನ್ನೂ ಮೂವತ್ತೈದು ದಾಟಿರಲಿಲ್ಲ, ಲಕ್ಷಣವಾಗಿದ್ದ, ದಕ್ಷಿಣದ ಕಡೆಯವನು. ಗ್ಲೆನಿಸ್ ಹೇಳಿದ್ದನ್ನ ಬಹಳ ಗೌರವದಿಂದ ಬರೆದುಕೊಂಡ. ಮುಂದಿನ ವಾರ ಪ್ರತಿ ಬಾಗಿಲ ಮೇಲೂ ಪ್ರಕಟಣೆ ಬಂತು:

"ನಿವಾಸಿಗಳು ಒದಗಿಸಿದ ಅಮೂಲ್ಯ ಮಾಹಿತಿಯಿಂದ ಸದರಿ ಚಿತ್ರದ ದಿನವು ಭಾನುವಾರವೆಂದು ದೃಢಪಟ್ಟಿರುತ್ತದೆ. ಆದಕಾರಣ ಗ್ರಾಮವನ್ನು ಸದರಿ ಭಾನುವಾರದ ಸ್ಥಿತಿಯಲ್ಲಿಯೇ ಸಂರಕ್ಷಿಸತಕ್ಕದ್ದು. ಈ ಭಾನುವಾರವು ಮುಂದಿನ ಆದೇಶದವರೆಗೆ ಜಾರಿಯಲ್ಲಿರುತ್ತದೆ."

ಜನಕ್ಕೆ ಅಭ್ಯಾಸವಾಗೋಕೆ ಬಹಳ ದಿನ ಬೇಕಾಗಲಿಲ್ಲ. ಕಸ ಎತ್ತೋರು ಲಾರಿಯನ್ನ ಗುಡ್ಡದಾಚೆ ನಿಲ್ಲಿಸಿ, ಕರಿ ಕೋಟು ಹಾಕ್ಕೊಂಡು, ಪ್ರಾರ್ಥನೆಗೆ ಹೊರಟವರ ಹಾಗೆ ಇಬ್ಬಿಬ್ಬರೇ ನಡ್ಕೊಂಡು ಬಂದು, ಕಸದ ಚೀಲವನ್ನ ಮಗುವಿನ ಥರ ಎದೆಗವಚಿಕೊಂಡು ಹೋಗ್ತಾರೆ. ಟಪಾಲಿನವನು ಕಾಗದ ಹಂಚೋದಿಲ್ಲ. ದಾರೀಲಿ ಸಿಕ್ಕ ಹಳೇ ಸ್ನೇಹಿತನ ಹಾಗೆ ಕೈ ಕುಲುಕಿ ಮುಂದೆ ಹೋಗ್ತಾನೆ, ನಿಮ್ಮ ಕೈಯಲ್ಲಿ ಕರೆಂಟ್ ಬಿಲ್ಲು ಉಳಿದಿರುತ್ತೆ. ಯಾರಿಗೂ ದೊಡ್ಡ ತೊಂದರೆ ಏನಾಗಲಿಲ್ಲ.

ಒಂಬತ್ತನೇ ನಂಬರಿನ ಮೇವಿಸ್ ಕ್ರಾಬ್‌ಟ್ರೀಗೆ ಆಯ್ತು.

ಮೇವಿಸ್ ಶಾಲೆಯೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಎಲ್ಲರನ್ನೂ "ಬಂಗಾರ" ಅಂತಾನೇ ಕರೀತಾಳೆ. ಪ್ರೀತಿ ಬಂದಾಗಲೂ ಅದೇ, ಸಿಟ್ಟು ಬಂದಾಗಲೂ ಅದೇ, ವ್ಯತ್ಯಾಸ ಕೇಳಿಸಿಕೊಳ್ಳೋರಿಗೆ ಬಿಟ್ಟಿದ್ದು. ಗಂಡ ಸೆಲ್ವಿನ್ ಬಸ್ ಡ್ರೈವರ್ ಆಗಿದ್ದವನು. ಅವನ ಎದೆ ಮೊದಲಿಂದ ಅಷ್ಟಕ್ಕಷ್ಟೇ. ಹೊರಗೆ ಹಗ್ಗ ಇಲ್ಲದ ಮೇಲೆ ಮೇವಿಸ್ ಬಟ್ಟೆಯೆಲ್ಲಾ ಮನೆಯೊಳಗೇ ಹರವಬೇಕಾಯ್ತು. ಮೆಟ್ಟಿಲ ಕಂಬಿ ಮೇಲೆ ಹಾಸಿಗೆ ಹೊದಿಕೆ, ಕುರ್ಚಿ ಬೆನ್ನಿಗೆ ಪ್ಯಾಂಟು, ದೀಪದ ಮೇಲೆ ಬನಿಯನ್. ಲ್ಯಾಂಕಶೈರಿನ ಹವೆಯಲ್ಲಿ ಮನೆಯೊಳಗೆ ಹಾಕಿದ ಬಟ್ಟೆ ಒಣಗೋದಿಲ್ಲ, ಮನಸ್ಸು ಬದಲಾಯಿಸುತ್ತೆ ಅಷ್ಟೇ. ಗೋಡೆ ಬೆವರೋಕೆ ಶುರುವಾಯ್ತು. ಮೂಲೆಯಲ್ಲಿ ಕರೀ ಬೂಷ್ಟು ಬಂತು. ಸೆಲ್ವಿನ್ ಕೆಮ್ಮೋಕೆ ಹತ್ತಿದ.

ಡಾಕ್ಟರ್ ನಸ್ರೀನ್ ಮಲಿಕ್ ಪಟ್ಟಣದಿಂದ ಬಂದರು. ವೈದ್ಯರಿಗೂ ಭಾನುವಾರದ ವಿನಾಯಿತಿ ಇಲ್ಲದ್ದರಿಂದ ನೆಂಟರ ಹಾಗೆ ಕೈಯಲ್ಲಿ ಕೇಕಿನ ಡಬ್ಬಿ ಹಿಡ್ಕೊಂಡು ಬಂದರು. ಡಬ್ಬಿಯೊಳಗಿಂದ ಸ್ಟೆತಾಸ್ಕೋಪ್ ತೆಗೆದು ಸೆಲ್ವಿನ್ ಬೆನ್ನಿಗಿಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಮೇವಿಸ್‌ಳನ್ನ ಅಡುಗೆಮನೆಗೆ ಕರೆದರು.

"ಔಷಧಿ ಬರೆದುಕೊಡ್ತೀನಿ. ಆದ್ರೆ ಈ ಒದ್ದೆ ಬಟ್ಟೆ ಮನೆಯಿಂದ ಆಚೆ ಹೋಗದೆ ಅವರ ಎದೆ ಸರಿ ಹೋಗಲ್ಲ. ಇನ್ನೊಂದು ಚಳಿಗಾಲ ಹೀಗೇ ಕಳೆದ್ರೆ, ಮೇವಿಸ್, ನಾನು ಮಾತು ಕೊಡೋಕಾಗಲ್ಲ."

"ಅಂದ್ರೆ?"

"ಅಂದ್ರೆ ನಿಮಗೆ ಅರ್ಥವಾಗಿದೆ."

ಮೇವಿಸ್‌ಗೆ ಅರ್ಥವಾಗಿತ್ತು. ಕೋಟು ಹಾಕ್ಕೊಂಡು ನೇರ ಕಾಲುವೆ ಪಕ್ಕದ ಹಳೇ ಸುಂಕದ ಕಟ್ಟೆಗೆ ಹೋದಳು. ಟ್ರಿಸ್ಟ್ರಮ್‌ನ ಕಚೇರಿ ಅಲ್ಲೇ. ಕಾಲಕ್ಕೆ ತಕ್ಕಂತಿರಲಿ ಅಂತ ಅಲ್ಲಿ ಹೀಟರ್ ಇಟ್ಟಿರಲಿಲ್ಲ.

"ಬಂಗಾರ, ನನಗೊಂದು ಹಗ್ಗ ಬೇಕು," ಅಂದಳು.

"ಕೂತ್ಕೊಳ್ಳಿ, ಮಿಸೆಸ್ ಕ್ರಾಬ್‌ಟ್ರೀ. ಯಾವ ಉದ್ದೇಶಕ್ಕೆ?"

"ನೇಣು ಹಾಕ್ಕೊಳ್ಳೋಕಲ್ಲ. ಬಟ್ಟೆ ಒಣಗಿಸೋಕೆ."

"ಮೊದಲನೇದಾಗಿದ್ರೆ ಒಳಾಂಗಣಕ್ಕೆ ಸಂಬಂಧಿಸಿದ್ದು, ನಮ್ಮ ವ್ಯಾಪ್ತಿಗೆ ಬರ್ತಿರಲಿಲ್ಲ. ಬಟ್ಟೆ ಒಣಗಿಸೋದು ಬಾಹ್ಯ ನೋಟದ ವಿಚಾರ. ಭಾನುವಾರ ಸಾಧ್ಯವಿಲ್ಲ."

"ಸರಿ, ಭಾನುವಾರ ಬೇಡ. ಸೋಮವಾರ ಹಾಕ್ತೀನಿ."

"ಸೋಮವಾರ ಧಾರಾಳವಾಗಿ ಹಾಕಿ. ಅದು ಬಂದಾಗ."

"ಹಿತ್ತಲಲ್ಲಿ?"

"ಹಿತ್ತಲು ಗುಡ್ಡದ ಮೇಲಿಂದ ಕಾಣುತ್ತೆ."

"ಗುಡ್ಡದ ಮೇಲೆ ಇರೋದು ಕುರಿಗಳು ಕಣಪ್ಪ."

"ಕುರಿಗಳ ಅಭಿಪ್ರಾಯ ಕೇಳೋ ವ್ಯವಸ್ಥೆ ನಮ್ಮಲ್ಲಿಲ್ಲ. ಹಾಗಾಗಿ ಅವುಗಳ ಪರವಾಗಿ ನಾವೇ ಎಚ್ಚರ ವಹಿಸಬೇಕಾಗುತ್ತೆ."

ಬಟ್ಟೆ ಒಣಗಿಸೋ ಯಂತ್ರ ತಂದಿಡ್ತೀನಿ ಅಂದಳು. ಅದರ ಹಬೆ ಹೊರಗೆ ಹೋಗೋಕೆ ಗೋಡೆಯಲ್ಲಿ ತೂತು ಬೇಕು, ಗೋಡೆ ಸಂರಕ್ಷಿತ ಅಂದ. ಪಟ್ಟಣದ ಲಾಂಡ್ರಿಗೆ ಹೊತ್ತುಕೊಂಡು ಹೋಗ್ತೀನಿ ಅಂದಳು. ಭಾನುವಾರ ಬಸ್ಸಿಲ್ಲ ಅಂತ ನೆನಪಿಸಿದ. ಕೊನೆಗೆ ಮೇವಿಸ್ ಮೇಜಿನ ಮೇಲೆ ಎರಡೂ ಕೈ ಊರಿ ನಿಂತಳು.

"ನನ್ನ ಗಂಡ ಸಾಯ್ತಾನೆ, ಬಂಗಾರ."

ಟ್ರಿಸ್ಟ್ರಮ್ ಕೆಟ್ಟವನಲ್ಲ. ಅವನ ಮುಖ ನಿಜವಾಗಿ ಬಾಡಿತು. ಪೆನ್ನಿನ ಮುಚ್ಚಳ ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ. "ಮಂಡಳಿಗೆ ಅತೀವ ವಿಷಾದ ಇದೆ," ಅಂದ. "ಆದ್ರೆ ಅವಸರದಲ್ಲಿ ಏನೂ ಮಾಡೋ ಹಾಗಿಲ್ಲ. ಇನ್ನೂರು ವರ್ಷ ಉಳಿದು ಬಂದಿರೋ ಊರು ಇದು."

"ಊರು ಉಳಿದಿದೆ. ಅದರೊಳಗಿದ್ದವರಲ್ಲಿ ಒಬ್ಬನಾದ್ರೂ ಉಳಿದಿದ್ದಾನಾ ನೋಡು," ಅಂತ ಹೇಳಿ ಮೇವಿಸ್ ಹೊರಟು ಬಂದಳು.

ಇಷ್ಟರೊಳಗೆ ಆ ಕೆಮ್ಮು ಮಂಡಳಿಯ ಕಿವಿಗೆ ಬೇರೆ ದಾರಿಯಿಂದ ಬಿದ್ದಿತ್ತು.

ಪ್ರವಾಸಿಗಳನ್ನ ಸುತ್ತಿಸೋನು ಕ್ಲೈವ್ ಅಂತ. ಬೆಳಿಗ್ಗೆ ಒಂದು ಗುಂಪು, ಮಧ್ಯಾಹ್ನ ಒಂದು ಗುಂಪು. ಭಾನುವಾರದ ಊರು ತೋರಿಸೋದು ಸುಲಭದ ಕೆಲಸವಲ್ಲ. ಏನೂ ನಡೀತಿರೋದಿಲ್ಲವಲ್ಲ. ಒಂಬತ್ತನೇ ನಂಬರಿನ ಕೆಳಗೆ ನಿಂತು "ಇಲ್ಲಿ ಗಿರಣಿ ಕೂಲಿಗಳು ವಾಸಿಸುತ್ತಿದ್ದರು" ಅನ್ನೋ ಹೊತ್ತಿಗೆ ಮೇಲಿನ ಕಿಟಕಿಯಿಂದ ಸೆಲ್ವಿನ್ ಕೆಮ್ಮಿದ. ಸಣ್ಣ ಕೆಮ್ಮಲ್ಲ. ತಳದಿಂದ ಎದ್ದು, ಮಧ್ಯೆ ಸ್ವಲ್ಪ ತಡೆದು, ಕೊನೆಗೆ ಸೀಟಿ ಹೊಡ್ಕೊಂಡು ಮುಗಿಯೋ ಅಂಥದ್ದು.

ಗುಂಪು ಮೇಲಕ್ಕೆ ನೋಡಿತು. ಒಬ್ಬಾಕೆ ಎದೆ ಮೇಲೆ ಕೈ ಇಟ್ಟುಕೊಂಡಳು.

"ಹತ್ತಿಯ ಧೂಳು," ಅಂದ ಕ್ಲೈವ್, ತಲೆ ಬಗ್ಗಿಸಿ. ಸೆಲ್ವಿನ್ ಜೀವಮಾನದಲ್ಲಿ ಮುಟ್ಟಿದ ಹತ್ತಿ ಅಂದ್ರೆ ಕಿವಿಗೆ ಇಟ್ಟುಕೊಳ್ಳೋದು ಮಾತ್ರ. ಆದ್ರೆ ಗಂಡಸರು ಟೋಪಿ ತೆಗೆದರು.

ಆ ವರ್ಷ ಪ್ರವಾಸಿಗಳಿಗೆ ಅತ್ಯಂತ ಹಿಡಿಸಿದ್ದೇನು ಅಂತ ಮಂಡಳಿ ಕೇಳಿದಾಗ, ಗಿರಣಿ ಮೂರನೇ ಸ್ಥಾನಕ್ಕೆ ಬಂತು, ಕಾಲುವೆ ಎರಡಕ್ಕೆ. ಮೊದಲನೇದು ಕೆಮ್ಮು. ಒಂಬತ್ತನೇ ನಂಬರಿನ ಗೋಡೆಗೆ ಪುಟ್ಟ ನೀಲಿ ಫಲಕ ಬಂತು: "ದಯವಿಟ್ಟು ಮೌನವಾಗಿರಿ. ಇಲ್ಲಿ ಕೆಮ್ಮು ಕೇಳಿಸುತ್ತದೆ."

ಸೆಲ್ವಿನ್‌ಗೆ ಮೊದಮೊದಲು ಸಂಕೋಚ. ಆಮೇಲೆ ಒಂದು ದಿನ ಕೆಳಗಿನಿಂದ ಚಪ್ಪಾಳೆ ಬಂತು.

"ಅಷ್ಟು ವರ್ಷ ಬಸ್ ಓಡಿಸಿದೆ ಕಣೇ," ಅಂದ ಹೆಂಡತಿಗೆ. "ಮಂಜಲ್ಲಿ, ಹಿಮದಲ್ಲಿ, ಒಂದು ಸಲ ಬ್ರೇಕಿಲ್ದೆ ಇಳಿಜಾರಲ್ಲಿ. ಒಬ್ಬ ನನ್ಮಗನೂ ಚಪ್ಪಾಳೆ ತಟ್ಟಲಿಲ್ಲ."

"ನೀನು ಸತ್ತರೆ ಎದ್ದು ನಿಂತು ತಟ್ತಾರೆ. ಔಷಧಿ ಕುಡಿ."

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಸೆಲ್ವಿನ್ ಚಹಾ ಮಾಡ್ಕೊಂಡು ಮೇಲೆ ಹತ್ತೋನು ಮೆಟ್ಟಿಲ ಮಧ್ಯದಲ್ಲೇ ಕೂತುಬಿಟ್ಟ. ಮೇವಿಸ್ ನೋಡಿದಾಗ ಅವನ ತುಟಿ ನೀಲಿ. ಬಟ್ಟಲು ತೊಡೆ ಮೇಲೆ ನೆಟ್ಟಗೆ ಹಿಡ್ಕೊಂಡಿದ್ದ, ಒಂದು ತೊಟ್ಟೂ ಚೆಲ್ಲಿರಲಿಲ್ಲ. "ಏನಿಲ್ಲ, ಮುಂದಿನ ಸ್ಟಾಪಿಗೆ ಸ್ವಲ್ಪ ಟೈಮಿದೆ," ಅಂದ. ಅವಳು ಅವನ ಪಕ್ಕ ಕೂತಳು. ತಲೆ ಮೇಲೆ ಹೊದಿಕೆಯಿಂದ ನೀರು ತೊಟ್ಟಿಕ್ಕುತ್ತಾ ಇತ್ತು. ಹೊರಗಡೆ ಕ್ಲೈವ್ ಬೆಳಗಿನ ಗುಂಪಿಗೆ ಸುಮ್ಮನಿರಿ ಅಂತ ಸನ್ನೆ ಮಾಡ್ತಾ ಇದ್ದ.

ಆ ಮಧ್ಯಾಹ್ನ ಮೇವಿಸ್ ಕಾಲುವೆ ದಂಡೆಯ ಬೆಂಚಿನ ಮೇಲೆ ಹೋಗಿ ಕೂತಳು. ಎದುರಿಗೆ ರಜೆಗೆ ಬಂದವರ ಉದ್ದನೆಯ ಬಾಡಿಗೆ ದೋಣಿಯೊಂದು ಬುಡುಬುಡು ಅಂತ ಹೋಗ್ತಿತ್ತು. ಅದರ ಚಾವಣಿ ಮೇಲೆ ಹಗ್ಗ ಕಟ್ಟಿ ಟವಲು, ಚಡ್ಡಿ, ಗುಲಾಬಿ ಬಣ್ಣದ ಒಂದು ಬನಿಯನ್ ಒಣಗಾಕಿದ್ದರು. ದಡದಲ್ಲಿ ನಿಂತಿದ್ದ ಟ್ರಿಸ್ಟ್ರಮ್ ಅವರಿಗೆ ಟೋಪಿ ಎತ್ತಿ ನಮಸ್ಕಾರ ಮಾಡಿದ.

"ಅವರಿಗೆ ಏನೂ ಹೇಳಲ್ವಾ, ಬಂಗಾರ?"

"ಹೇಳೋ ಹಾಗಿಲ್ಲ, ಮಿಸೆಸ್ ಕ್ರಾಬ್‌ಟ್ರೀ. ನೀರು ಜಲಮಾರ್ಗ ಇಲಾಖೆಯವರದ್ದು. ನಮ್ಮ ಗಡಿ ಈ ಅಂಚುಗಲ್ಲಿಗೆ ಮುಗಿಯುತ್ತೆ."

ಮೇವಿಸ್ ಅಂಚುಗಲ್ಲನ್ನ ನೋಡಿದಳು. ಆಮೇಲೆ ನೀರನ್ನ ನೋಡಿದಳು.

"ಹಾಗಾದ್ರೆ ನೀರಿನ ಮೇಲೆ ಇವತ್ತು ಏನು ವಾರ?"

ಟ್ರಿಸ್ಟ್ರಮ್ ಕೈಗಡಿಯಾರ ನೋಡಿಕೊಂಡ. "ಸೋಮವಾರ," ಅಂದ.

ಗ್ಲೆನಿಸ್‌ಳ ಗಂಡ ಸಾಯುವಾಗ ಬಿಟ್ಟುಹೋದ ದೋಣಿ ಒಂದಿತ್ತು. ಊರಾಚೆ ತುಕ್ಕು ಹಿಡೀತಾ ನಿಂತಿತ್ತು. ಅದಕ್ಕೆ 'ಡೋರೀನ್' ಅಂತ ಯಾವಳೋ ಹೆಂಗಸಿನ ಹೆಸರು. ಗ್ಲೆನಿಸ್‌ಗೂ ಆ ಹೆಸರಿಗೂ ಏನೂ ಸಂಬಂಧವಿಲ್ಲದ್ದರಿಂದ ಅವಳು ಅದಕ್ಕೆ ಬಣ್ಣ ಹಚ್ಚಿಸುವ ಗೋಜಿಗೆ ಹೋಗಿರಲಿಲ್ಲ.

"ತಗೊಂಡು ಹೋಗು ಮಾರಾಯ್ತಿ," ಅಂದಳು. "ಆ ಡೋರೀನ್ ತಲೆ ಮೇಲೆ ನಿನ್ನ ಗಂಡನ ಚಡ್ಡಿ ಹಾರಾಡೋದು ನೋಡೋಕೆ ನನಗೂ ಆಸೆ."

ಇಬ್ಬರೂ ಹಗ್ಗ ಹಿಡಿದು, ಹಿಂದೆ ಕುದುರೆಗಳು ಎಳೀತಿದ್ದ ದಾರಿಯಲ್ಲೇ ದೋಣಿಯನ್ನ ಎಳ್ಕೊಂಡು ಬಂದು ಒಂಬತ್ತನೇ ನಂಬರಿನ ಎದುರಿಗೇ ಕಟ್ಟಿದರು. ಮೇವಿಸ್ ಮೂತಿಯಿಂದ ಬಾಲದ ತನಕ ಹಗ್ಗ ಬಿಗಿದಳು. ಮನೆಯೊಳಗಿದ್ದ ಒದ್ದೆಯನ್ನೆಲ್ಲಾ ಬುಟ್ಟಿ ಬುಟ್ಟಿ ಹೊತ್ತು ತಂದು ಹಾಕಿದಳು. ಅಂಚುಗಲ್ಲು ದಾಟುವ ತನಕ ಬುಟ್ಟಿ ಮೇಲೆ ಪ್ರಾರ್ಥನೆ ಪುಸ್ತಕ ಇಟ್ಕೊಂಡು, ಭಾನುವಾರದ ನಡಿಗೆಯಲ್ಲೇ ಹೋದಳು. ದಾಟಿದ ಮೇಲೆ ಸೋಮವಾರದ ನಡಿಗೆ. ಟ್ರಿಸ್ಟ್ರಮ್ ಬಂದು ಕಲ್ಲಿನ ಮೇಲೆ ನಿಂತ. ಬೂಟಿನ ತುದಿ ಅಂಚಿನಿಂದಾಚೆ ಸ್ವಲ್ಪ ಚಾಚಿತ್ತು, ಹಿಂದಕ್ಕೆ ಎಳ್ಕೊಂಡ.

"ಗಾಳಿ ಬಂದಾಗ ಅಂಗಿ ತೋಳುಗಳು ಈ ಕಡೆ ಹಾರದ ಹಾಗೆ ನೋಡ್ಕೊಳ್ಳಿ," ಅಂದ ಅಷ್ಟೇ.

ವಾರದೊಳಗೆ ಊರಿನ ಬಟ್ಟೆಯೆಲ್ಲಾ ಡೋರೀನ್ ಮೇಲಿತ್ತು.

ಹದಿನೈದು ದಿನಕ್ಕೆ ಮೇವಿಸ್ ಮನೆಯ ಗೋಡೆ ಒಣಗಿತು. ನವೆಂಬರಿನಲ್ಲಿ ಸೆಲ್ವಿನ್ ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ, ಹತ್ತಿದ್ದನ್ನ ತೋರಿಸೋಕೆ ಇಳಿದು ಮತ್ತೆ ಹತ್ತಿದ. ಕ್ರಿಸ್ಮಸ್ ಹೊತ್ತಿಗೆ ಕೆಮ್ಮು ಪೂರ್ತಿ ಹೋಗಿತ್ತು. ಡಾಕ್ಟರ್ ನಸ್ರೀನ್ ಈ ಸಲ ಡಬ್ಬಿಯಲ್ಲಿ ನಿಜವಾದ ಕೇಕ್ ತಂದಿದ್ದರು.

ಹೊಸ ವರ್ಷದ ಮೊದಲ ಗುಂಪಿಗೆ ಕ್ಲೈವ್ ಒಂಬತ್ತನೇ ನಂಬರಿನ ಕೆಳಗೆ "ಮೌನವಾಗಿರಿ" ಅಂದ. ಮೌನವಾಗಿದ್ದರು. ತುಂಬ ಹೊತ್ತು ಮೌನವಾಗಿದ್ದರು. ಒಬ್ಬ ಗಡಿಯಾರ ನೋಡಿದ. ಮೇಲಿನಿಂದ ಸೆಲ್ವಿನ್ ಸೀಟಿಯಲ್ಲಿ ಯಾವುದೋ ಹಾಡು ಹೇಳ್ಕೊಳ್ತಾ ಹಾಸಿಗೆ ಕೊಡವೋ ಶಬ್ದ ಬಂತು. ಜನ ಟಿಕೆಟ್ ದುಡ್ಡು ವಾಪಸ್ ಕೇಳಿದರು. ಒಬ್ಬ ನಾರ್ವೆಯಿಂದ ಕೆಮ್ಮಿಗೋಸ್ಕರಾನೇ ಬಂದಿದ್ದ.

ಮಂಡಳಿ ತುರ್ತಾಗಿ ಸೇರಿತು. ಟಪಾಲಿನವನು ಬಹಳ ದುಃಖದಿಂದ ಮೇವಿಸ್ ಕೈ ಕುಲುಕಿದ, ಅವಳ ಕೈಯಲ್ಲಿ ಒಂದು ಕಾಗದ ಉಳಿಯಿತು.

"ವಿಷಯ: ಒಂಬತ್ತನೇ ಮನೆಯ ಕೆಮ್ಮಿನ ಅನಧಿಕೃತ ತೆರವು. ಸದರಿ ಕೆಮ್ಮು ಗ್ರಾಮದ ಗುಣಲಕ್ಷಣಕ್ಕೆ ಗಣನೀಯ ಕೊಡುಗೆ ನೀಡುವ ಧ್ವನಿಯೆಂದು ಪಟ್ಟಿಯಾಗಿದ್ದು, ಅದನ್ನು ಗುಣಪಡಿಸುವ, ತಗ್ಗಿಸುವ ಅಥವಾ ಬದಲಿಸುವ ಮುನ್ನ ಪೂರ್ವಾನುಮತಿ ಪಡೆಯತಕ್ಕದ್ದು. ಬಾಡಿಗೆದಾರರು ಈ ಚಳಿಗಾಲ ಮುಗಿಯುವುದರೊಳಗೆ ಕೆಮ್ಮನ್ನು ಮೂಲ ಸ್ಥಿತಿಗೆ ತರತಕ್ಕದ್ದು. ತಪ್ಪಿದಲ್ಲಿ ಮನೆಯನ್ನು ತೆರವುಗೊಳಿಸತಕ್ಕದ್ದು."

ಸೆಲ್ವಿನ್ ಓದಿ, ಕನ್ನಡಕ ತೆಗೆದು ಒರೆಸಿದ. "ಬಟ್ಟೆ ಒಳಗೆ ತಂದುಬಿಡೋಣ ಕಣೇ. ಈ ವಯಸ್ಸಲ್ಲಿ ಎಲ್ಲಿಗೆ ಹೋಗೋದು? ಸ್ವಲ್ಪ ಕೆಮ್ಮಿದ್ರೆ ಏನಾಯ್ತು?"

"ನೀನು ಮೆಟ್ಟಿಲ ಮೇಲೆ ಕೂತಿದ್ದು ನೋಡಿದೋಳು ನಾನು, ನೀನಲ್ಲ," ಅಂದಳು ಮೇವಿಸ್. ಮತ್ತೆ ಕೋಟು ಹಾಕ್ಕೊಂಡಳು.

ಸುಂಕದ ಕಟ್ಟೆಯಲ್ಲಿ ಅವಳು ಕಾಗದವನ್ನ ಟ್ರಿಸ್ಟ್ರಮ್ ಮುಂದಿಟ್ಟಳು.

"ನಿಮ್ಮ ಗಿರಣಿ ಚಾವಣಿ ಹೆಂಚು ಒಡೆದಾಗ ಏನ್ ಮಾಡ್ತೀರಿ, ಬಂಗಾರ?"

"ಅದೇ ಥರದ ಹೆಂಚು ಹುಡುಕಿ ಹಾಕ್ತೀವಿ. ಅದೇ ಕಲ್ಲು, ಅದೇ ಗಾತ್ರ, ಅದೇ ಕಾಲದ್ದು."

"ಒಡೆದ ಹೆಂಚೇ ಬೇಕು ಅಂತ ಹಠ ಮಾಡಲ್ಲ."

"ಇಲ್ಲ."

"ಹಾಗಾದ್ರೆ ಇನ್ನೊಬ್ಬರ ಕೆಮ್ಮು ತಂದು ಹಾಕಿ. ನಮ್ಮೆಜಮಾನರದ್ದು ಒಡೆದುಹೋಗಿದೆ."

ಟ್ರಿಸ್ಟ್ರಮ್ ನಿಯಮದ ಪುಸ್ತಕ ತಿರುವಿ ನೋಡಿದ. ಇದಕ್ಕೆ ಅಡ್ಡಿ ಕಾಣಲಿಲ್ಲ. ಮಂಡಳಿ ಒಪ್ಪಿತು. ತಕ್ಕ ಕೆಮ್ಮು ಆರಿಸೋಕೆ ನಗರದಿಂದ ಧ್ವನಿ ಪರಂಪರೆಯ ತಜ್ಞೆ ಪ್ರೊಫೆಸರ್ ಪ್ರೂಡೆನ್ಸ್ ವೇಲ್ ಬಂದರು. ಅವರ ಹತ್ತಿರ ಸೆಲ್ವಿನ್‌ನ ಹಳೇ ಕೆಮ್ಮಿನ ಧ್ವನಿಮುದ್ರಿಕೆ ಇತ್ತು. ಮಂದಿರದಲ್ಲಿ ಆಯ್ಕೆ ಇಟ್ಟರು. ಊರಿಗೆ ಊರೇ ಸಾಲಾಗಿ ಬೆಂಚಿನ ಮೇಲೆ ಕೂತು ಗಂಟಲು ಸರಿ ಮಾಡ್ಕೊಂಡಿತು. ಆಮೇಲೆ, ಕೆಮ್ಮು ಖರ್ಚಾದೀತು ಅಂತ ಸುಮ್ಮನಾಯ್ತು.

ಗ್ಲೆನಿಸ್ ಮೊದಲು ಹೋದಳು. ಪ್ರೊಫೆಸರ್ ಕಣ್ಣು ಮುಚ್ಚಿ ಕೇಳಿದರು.

"ಸಿಗರೇಟು. ಹೋದ ಶತಮಾನದ ಕೊನೆ ಭಾಗದ್ದು. ಚೆನ್ನಾಗಿದೆ, ಆದ್ರೆ ನಮ್ಮ ಕಾಲದ್ದಲ್ಲ."

"ನನ್ನ ಕಾಲದ್ದು ತಾಯಿ, ಏನ್ ಮಾಡ್ಲಿ," ಅಂತ ಗ್ಲೆನಿಸ್ ಇಳಿದು ಬಂದಳು.

ಕ್ಲೈವ್ ಕೆಮ್ಮಿದ. ನಾಟಕ ಜಾಸ್ತಿಯಾಯ್ತು ಅಂದರು. ಪಬ್ಬಿನವನು ಕೆಮ್ಮಿದ. ತೇವ ಸಾಲದು ಅಂದರು. ಕೊನೆಗೆ ಸೆಲ್ವಿನ್ ಎದ್ದ. ಮೇವಿಸ್ ಕೋಟು ಹಿಡಿದು ಎಳೆದಳು, ಅವನು ಬಿಡಿಸಿಕೊಂಡು ಹೋದ. ಮನೆ ಉಳಿಸೋಕೆ ಅಂತ ಹಳೇ ನೆನಪಿನ ಮೇಲೆ ಜೀವ ಬಿಟ್ಟು ಕೆಮ್ಮಿದ. ತಳ, ತಡೆ, ಸೀಟಿ, ಎಲ್ಲಾ ಹಾಕಿದ. ಮುಖ ಕೆಂಪಾಯ್ತು.

ಪ್ರೊಫೆಸರ್ ಧ್ವನಿಮುದ್ರಿಕೆ ಇನ್ನೊಮ್ಮೆ ಕೇಳಿಸಿಕೊಂಡು ತಲೆಯಾಡಿಸಿದರು. "ಕ್ಷಮಿಸಿ. ಇವರು ಮೂಲ ಕೆಮ್ಮನ್ನ ಅನುಕರಣೆ ಮಾಡ್ತಿದ್ದಾರೆ. ಅದೂ ಸರಿಯಾಗಿ ಬಂದಿಲ್ಲ."

"ಮೂಲ ಕೆಮ್ಮು ನಂದೇ ಕಣಮ್ಮ."

"ಇರಬಹುದು. ಆದ್ರೆ ನಿಮಗೆ ಅದು ಒಗ್ಗಿಲ್ಲ."

ಇನ್ನು ಯಾರೂ ಉಳಿದಿರಲಿಲ್ಲ. ಮೇವಿಸ್ ಮಡಿಲಲ್ಲಿ ಕೈ ಜೋಡಿಸಿಕೊಂಡು ಕೂತಿದ್ದಳು. ಮನಸ್ಸಲ್ಲೇ ಮನೆ ಖಾಲಿ ಮಾಡ್ತಿದ್ದಳು, ಪಿಂಗಾಣಿ ಸಾಮಾನು ಯಾವುದರಲ್ಲಿ ಸುತ್ತೋದು ಅನ್ನೋ ತನಕ ಬಂದಿದ್ದಳು. ಆಗ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ತಳದಿಂದ ಎದ್ದಿತು. ಮಧ್ಯೆ ತಡೆಯಿತು. ಸೀಟಿ ಹೊಡ್ಕೊಂಡು ಮುಗಿಯಿತು.

ಪ್ರೊಫೆಸರ್ ಎದ್ದು ನಿಂತರು. "ಯಾರದು?"

ಟ್ರಿಸ್ಟ್ರಮ್ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತಿದ್ದ. "ಕ್ಷಮಿಸಬೇಕು. ಕಚೇರಿಯಲ್ಲಿ ಸ್ವಲ್ಪ ಥಂಡಿ," ಅಂದ. ನಾಲ್ಕು ಚಳಿಗಾಲ ಹೀಟರಿಲ್ಲದೆ ಕಾಲುವೆ ಪಕ್ಕ ಕೂತವನು.

"ಇನ್ನೊಂದು ಸಲ," ಅಂದರು ಪ್ರೊಫೆಸರ್.

"ಬೇಕು ಅಂದಾಗ ಬರಲ್ಲ, ಮೇಡಂ," ಅಂದ. ಅಷ್ಟರಲ್ಲಿ ಬಂತು.

ಪ್ರೊಫೆಸರ್ ಕಣ್ಣಲ್ಲಿ ನೀರಾಡಿತು. ತಮ್ಮ ವೃತ್ತಿ ಜೀವನದಲ್ಲಿ ಇಷ್ಟು ಕೆಡದೆ ಉಳಿದ ಕೆಮ್ಮು ಕೇಳಿಲ್ಲ ಅಂದರು. ಮಂಡಳಿ ಅಲ್ಲೇ ನಿರ್ಣಯ ಬರೆಯಿತು. ಸಂರಕ್ಷಣಾಧಿಕಾರಿಗಳು ಪ್ರತಿದಿನ, ಅಂದ್ರೆ ಪ್ರತಿ ಭಾನುವಾರ, ಬೆಳಗಿನ ಮತ್ತು ಮಧ್ಯಾಹ್ನದ ಗುಂಪುಗಳ ವೇಳೆಯಲ್ಲಿ ಒಂಬತ್ತನೇ ಮನೆಯ ಮೇಲಿನ ಕೋಣೆಯಲ್ಲಿ ಹಾಜರಿದ್ದು ಕೆಮ್ಮತಕ್ಕದ್ದು. ಕೆಮ್ಮಿಗೆ ಬೇಕಾದ ವಾತಾವರಣ ಕಾಪಾಡುವ ಸಲುವಾಗಿ ಸದರಿ ಕೋಣೆಯಲ್ಲಿ ಒದ್ದೆ ಬಟ್ಟೆಗಳನ್ನು ಹರವತಕ್ಕದ್ದು. ಬಟ್ಟೆಯನ್ನು ಮಂಡಳಿಯೇ ಒದಗಿಸತಕ್ಕದ್ದು. ಒಣಗಿದಲ್ಲಿ ಮತ್ತೆ ನೆನೆಸತಕ್ಕದ್ದು.

ಮೇವಿಸ್‌ಗೆ ಮನೆ ಉಳಿಯಿತು. ಆದರೆ ಆ ಮನೆಯಲ್ಲಿ ಸೆಲ್ವಿನ್‌ನನ್ನ ಇಡೋ ಹಾಗಿರಲಿಲ್ಲ. ಗ್ಲೆನಿಸ್ ಹತ್ತಿರ ಕೇಳಿ ಗಂಡ ಹೆಂಡತಿ ಇಬ್ಬರೂ ಡೋರೀನ್ ಮೇಲಕ್ಕೆ ಹೋದರು. ಸಣ್ಣ ಒಲೆ, ಒಣಗಿದ ಹಾಸಿಗೆ, ಚಾವಣಿ ಮೇಲೆ ಗಾಳಿಗೆ ಹೊಡ್ಕೊಳ್ಳೋ ಬಟ್ಟೆ. ಬಾಡಿಗೆ ಮಾತ್ರ ಒಂಬತ್ತನೇ ನಂಬರಿಗೇ ಕಟ್ಟಿಕೊಂಡು ಬಂದರು, ಯಾಕಂದ್ರೆ ವಿಳಾಸ ಅದು. ಅವರನ್ನ ನೋಡಿ ಪಬ್ಬಿನವನು ಒಂದು ದೋಣಿ ತಂದ. ಆಮೇಲೆ ಮೂಲೆ ಮನೆಯವರು ತಂದರು. ಬೇಸಿಗೆ ಹೊತ್ತಿಗೆ ಊರು ಪೂರ್ತಿ ನೀರಿನ ಮೇಲಿತ್ತು. ಟಪಾಲು ಟಪಾಲಾಗೇ ಬರ್ತಿತ್ತು, ಬಾಗಿಲಿಗೆ ಬೇಕಾದ ಬಣ್ಣ ಹಚ್ಚಬಹುದಿತ್ತು. ಎಷ್ಟೋ ದಿನದ ಮೇಲೆ ಮಂಗಳವಾರ ಕಂಡು ಗ್ಲೆನಿಸ್‌ಗೆ ಗುರುತೇ ಹತ್ತಲಿಲ್ಲ. ದಡದ ಮನೆಗಳಲ್ಲಿ ಮಂಡಳಿಯ ನೌಕರರು ಟೋಪಿ ಹಾಕ್ಕೊಂಡು ನಿಧಾನ ಓಡಾಡಿಕೊಂಡಿದ್ದರು. ಈಗಲೇ ನಿಜವಾಗಿ ಚಿತ್ರದ ಹಾಗಿದೆ ಅಂತ ಪ್ರವಾಸಿಗಳು ಮೆಚ್ಚಿದರು.

ಡಾಕ್ಟರ್ ನಸ್ರೀನ್ ಒಂದು ದಿನ ಒಂಬತ್ತನೇ ನಂಬರಿನ ಮೇಲಿನ ಕೋಣೆಗೆ ಹೋಗಿ ಟ್ರಿಸ್ಟ್ರಮ್‌ನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರು. ಔಷಧಿ ಬರೆದುಕೊಟ್ಟರು.

"ಕುಡಿಯೋಕೆ ಪೂರ್ವಾನುಮತಿ ಬೇಕು, ಡಾಕ್ಟರೇ," ಅಂದ.

"ಕೊಡೋರು ಯಾರು?"

"ನಾನೇ."

"ಹಾಗಾದ್ರೆ ನಿಮ್ಮನ್ನೇ ಕೇಳ್ಕೊಳ್ಳಿ."

"ಕೇಳ್ಕೊಂಡೆ. ಪರಿಶೀಲಿಸಿ ನಾನೇ ತಿರಸ್ಕರಿಸಿದೆ. ನಿಯಮದ ಪ್ರಕಾರ ಸರಿಯಾಗೇ ಇದೆ." ಅವನ ಮುಖದಲ್ಲಿ ಬೇಸರವಿರಲಿಲ್ಲ. "ಮೇಲ್ಮನವಿಗೆ ಅವಕಾಶ ಇದೆ. ಆದ್ರೆ ಅದೂ ನನ್ನ ಹತ್ತಿರಾನೇ ಬರುತ್ತೆ."

ಮೇವಿಸ್‌ಗೆ ಅವನ ಮೇಲೆ ಸಿಟ್ಟು ಉಳಿದಿರಲಿಲ್ಲ. ಸಿಟ್ಟಿಗೆ ದೊಡ್ಡ ಜಾಗ ಬೇಕಾಗುತ್ತೆ ಅಂತ ಕಾಣುತ್ತೆ, ಅವಳ ಹತ್ತಿರ ಈಗ ಇದ್ದಿದ್ದು ದೋಣಿಯಷ್ಟೇ ಜಾಗ. ಗುರುವಾರ ಗುರುವಾರ ಕುರಿಮಾಂಸ ಆಲೂಗಡ್ಡೆ ಹಾಕಿ ಬೇಯಿಸಿ, ಒಂದು ಪಾತ್ರೆ ಅವನಿಗೂ ಕಳಿಸ್ತಾಳೆ. ದಡಕ್ಕೆ ತಲುಪೋ ಹೊತ್ತಿಗೆ ಅದು ಭಾನುವಾರದ ಊಟವಾಗಿರುತ್ತೆ.

ಮೊನ್ನೆ ಮಧ್ಯಾಹ್ನದ ಗುಂಪು ಆಗತಾನೇ ಹೋಗಿತ್ತು. ಚಪ್ಪಾಳೆ ಜೋರಾಗೇ ಬಿದ್ದಿತ್ತು. ಸೆಲ್ವಿನ್ ದೋಣಿಯ ಹಿಂಭಾಗದಲ್ಲಿ ಕಾಲು ಚಾಚಿ ಕೂತು, ಪರಿಣತನ ಹಾಗೆ ತಲೆದೂಗಿದ. "ಸೀಟಿ ಸುಧಾರಿಸಿದೆ," ಅಂದ. ಮೇವಿಸ್ ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು ಹೊದಿಕೆ ಹರವ್ತಾ ಇದ್ದೋಳು ಕ್ಲಿಪ್ಪು ತೆಗೆದು ಮೇಲಿನ ಕಿಟಕಿಯತ್ತ ಕೂಗಿದಳು.

"ಬಂಗಾರ, ಹೇಗಿದೆ ಕೆಮ್ಮು?"

ಒದ್ದೆ ಬಟ್ಟೆಗಳ ನಡುವಿಂದ ಟ್ರಿಸ್ಟ್ರಮ್ ಕಿಟಕಿಗೆ ಬಂದ. ಉಸಿರು ಸರಿಯಾಗೋ ತನಕ ಚೌಕಟ್ಟು ಹಿಡ್ಕೊಂಡು ನಿಂತ. ಆಮೇಲೆ ಟೋಪಿ ಎತ್ತಿದ.

"ಸುಸ್ಥಿತಿಯಲ್ಲಿದೆ, ಮಿಸೆಸ್ ಕ್ರಾಬ್‌ಟ್ರೀ."